ಅಜ್ಜಿ ಊರಿನ ಕಡಲಿಗೆ ಕಾವಲು ಯಾರು?

ಮೆಲ್ಬರ್ನಿಗೆ ಯಾರೇ ನೆಂಟರು ಬಂದರೂ ನಾವು ಮೊದಲು ಕರೆದುಕೊಂಡು ಹೋಗುವುದು ಗ್ರೇಟ್ ಓಶನ್ ರೋಡಿಗೆ. ಕಳೆದ ಭಾನುವಾರ ನೆಂಟರಿರಲಿಲ್ಲ. ಸೆಖೆ ತಡೆಯಲಾರದೆ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ನಾವೇ ಮೂವರು ಬೆಳಗ್ಗೆ ಕಾರು ಹತ್ತಿದೆವು. ಟಾರ್ಕಿಯಿಂದ ಆಲನ್ಸ್‌ಫರ್ಡ್‌ವರೆಗೆ 243 ಕಿ.ಮೀ. ಉದ್ದದ ರಸ್ತೆ. ಒಂದೇ ದಿನದಲ್ಲಿ ಮರಳಬೇಕಾದ್ದರಿಂದ ಲಾರ್ನ್ ಎಂಬ ಊರೇ ನಮ್ಮ ಗಡಿ. ದಾರಿಯಲ್ಲಿ ಏರೀಸ್ ಇನ್‌ಲೆಟ್‌ನ ದೀಪಸ್ತಂಭ, ಕೆಂಪು ಟೋಪಿ ತೊಟ್ಟ 1891ರ ಬಿಳಿ ಗೋಪುರ. ಅದನ್ನು ದಾಟಿದರೆ ಈಸ್ಟರ್ನ್ ವ್ಯೂನಲ್ಲಿ ರಸ್ತೆಗೆ ಅಡ್ಡಲಾಗಿ ಸ್ಮಾರಕದ ಕಮಾನು. ಮೊದಲ ಮಹಾಯುದ್ಧದಿಂದ ಮರಳಿದ ಸುಮಾರು 3,000 ಸೈನಿಕರು 1919ರಿಂದ 1932ರವರೆಗೆ ಗುದ್ದಲಿ, ಪಿಕಾಸಿ ಹಿಡಿದು ಗುಡ್ಡ ಕಡಿದು, ಮಡಿದ ಗೆಳೆಯರ ನೆನಪಿಗೆಂದು ಮಾಡಿದ ದಾರಿ ಇದು.

ಆದರೂ ಇಲ್ಲಿ ನನಗೆ ನೆನಪಾಗುವುದು ನಮ್ಮ ಮರವಂತೆಯೇ. ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಅಂಥ ನೋಟ ಇಲ್ಲಿ ಎಲ್ಲೂ ಇಲ್ಲ ಎಂದು ಪ್ರತಿ ಸಲವೂ ವಾದಿಸುತ್ತೇನೆ. ನನ್ನ ಗಂಡ ಹಾಸನದವರು, ಸುಮ್ಮನೆ ಕೇಳಿಸಿಕೊಳ್ಳುತ್ತಾರೆ.

ಲಾರ್ನ್‌ನಲ್ಲಿ ಬೇಸಿಗೆಯಲ್ಲೂ ನೀರು ಕೊರೆಯುತ್ತದೆ. ಕೆಂಪು-ಹಳದಿ ಬಣ್ಣದ ಎರಡು ಬಾವುಟಗಳ ನಡುವೆ ಮಾತ್ರ ಈಜಬೇಕು ಎಂಬುದು ಇಲ್ಲಿ ಪುಟ್ಟ ಮಕ್ಕಳಿಗೂ ಗೊತ್ತು. ಸಂಜೆ ಹಳದಿ ಅಂಗಿಯ ಹುಡುಗಿಯೊಬ್ಬಳು ಬಂದಳು. ಕಾಲೇಜು ಓದುವ ವಯಸ್ಸು, ಸಂಬಳವಿಲ್ಲದ ಸ್ವಯಂಸೇವಕಿ. ಬಾವುಟದ ಕೋಲನ್ನು ಮರಳಿನಿಂದ ಕಿತ್ತು ಹೆಗಲಿಗೇರಿಸಿಕೊಂಡು ಹೊರಟಳು. ಅಲ್ಲಿಯವರೆಗೆ ಎಷ್ಟು ಕರೆದರೂ ಬಾರದಿದ್ದ ಮಗಳು ತಾನಾಗಿಯೇ ನೀರಿನಿಂದ ಎದ್ದು ಬಂದಳು. ಬಿಸಿಲು ಹಾಗೆಯೇ ಇತ್ತು, ತೆರೆಯೂ ಹಾಗೆಯೇ ಇತ್ತು.

"ಯಾಕೆ, ಸಾಕಾಯಿತಾ?"

"ಬಾವುಟ ತೆಗೆದರಲ್ಲ ಅಮ್ಮ. ಇನ್ನು ನಮ್ಮನ್ನು ನೋಡುವವರಿಲ್ಲ."

ತಲೆ ಒರೆಸುತ್ತಿರುವಾಗ ಮತ್ತೆ ಕೇಳಿದಳು. "ಅಜ್ಜಿ ಊರಿನ ಕಡಲಿನಲ್ಲಿ ನಾನು ಆಡುವಾಗ ಯಾರು ನೋಡುತ್ತಿದ್ದರು?"

"ನಾನು, ಅಜ್ಜ, ಅಜ್ಜಿ, ಎಲ್ಲರೂ."

"ನಿಮಗೆ ಯಾರಿಗೂ ಈಜು ಬರುವುದಿಲ್ಲವಲ್ಲ!"

ಮರಳುವ ದಾರಿಯುದ್ದಕ್ಕೂ ಆ ಮಾತು ನನ್ನನ್ನು ಬಿಡಲಿಲ್ಲ. 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ಮುಳಬಾಗಿಲಿನ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಇಂಥ ಸುದ್ದಿ ಬಂದಾಗಲೆಲ್ಲ ಕರಾವಳಿಯಲ್ಲಿ ಒಂದು ಮಾತು ಕೇಳಿಬರುತ್ತದೆ: ಘಟ್ಟದ ಮೇಲಿನವರಿಗೆ ಸಮುದ್ರದ ಹೆದರಿಕೆಯೇ ಇಲ್ಲ. ನನಗೆ ಈ ಮಾತು ಸಹಿಸಲಾಗುವುದಿಲ್ಲ. ತೆರೆ ಒಡೆಯದೆ, ನೀರು ಕಪ್ಪಗೆ, ಶಾಂತವಾಗಿ ಕಾಣುವ ಜಾಗವೇ ಹಲವು ಸಲ ಅಪಾಯದ್ದು. ದಡಕ್ಕೆ ಬಂದ ನೀರು ರಭಸದಿಂದ ಒಳಕ್ಕೆ ಹಿಂದಿರುಗುವುದು ಅಲ್ಲಿಯೇ. ಅದರ ಸೆಳೆತಕ್ಕೆ ಸಿಕ್ಕರೆ ನೇರ ದಡದತ್ತ ಈಜಿ ದಣಿಯಬಾರದು. ತೇಲಬೇಕು, ಕೈ ಎತ್ತಿ ಕರೆಯಬೇಕು, ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಸರಿಯಬೇಕು. ನನ್ನ ಮಗಳು ಇದನ್ನು ಇಲ್ಲಿ ಶಾಲೆಯಲ್ಲಿ ಕಲಿತಳು. ಮೊದಲ ಬಾರಿಗೆ ಕಡಲು ಕಂಡ ಮುಳಬಾಗಿಲಿನ ಮಗುವಿಗೆ ಇದನ್ನು ಹೇಳಿಕೊಟ್ಟವರು ಯಾರು? ಆ ಮಗು ಶಾಂತ ನೀರನ್ನೇ ನಂಬಿ ಇಳಿಯುತ್ತದೆ.

ಇಲ್ಲಿ ಯಾರೂ ಮುಳುಗುವುದಿಲ್ಲ ಎಂದಲ್ಲ. 2024ರ ಜನವರಿಯಲ್ಲಿ, ಮೆಲ್ಬರ್ನಿಗೆ ಹತ್ತಿರದ ಫಿಲಿಪ್ ದ್ವೀಪದಲ್ಲಿ ಭಾರತೀಯ ಮೂಲದ ನಾಲ್ವರು ತೀರಿಕೊಂಡರು. ಕಾವಲಿಲ್ಲದ ತೀರ ಅದು. ಆ ವಾರ ಇಲ್ಲಿಯ ನಮ್ಮವರ ಮನೆಗಳಲ್ಲಿ ಬೇರೆ ಮಾತೇ ಇರಲಿಲ್ಲ.

ನಾವು ಚಿಕ್ಕವರಿದ್ದಾಗ ಮರವಂತೆ ಪಕ್ಕದ ತ್ರಾಸಿಯ ದಂಡೆಯಲ್ಲಿ ನಮ್ಮನ್ನು ನೋಡುವವರಿದ್ದರು. ದಡದಲ್ಲಿ ನಿಂತೇ ಕೈರಂಪಣಿ ಬಲೆ ಎಳೆಯುವ ಮೀನುಗಾರ ಮೊಗವೀರರು ಬೆಳಗಿನ ಕೆಲಸ ಮುಗಿಸಿ, ಕಾಲ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿ ಎಳೆದುಕೊಂಡು, ಹರಿದ ಕಣ್ಣುಗಳನ್ನು ಹೆಣೆಯುತ್ತ ಕೂರುತ್ತಿದ್ದರು. ನೀರು ಮೊಣಕಾಲು ದಾಟಿತೋ, ತಲೆ ಎತ್ತದೆಯೇ ಗದರುತ್ತಿದ್ದರು. ಯಾರ ಮನೆಯ ಮಗು ಎಂದು ಅವರು ಕೇಳುತ್ತಿರಲಿಲ್ಲ. ಇಂದಿಗೂ ಕಡಲಿನಲ್ಲಿ ಯಾರಾದರೂ ಕಾಣೆಯಾದರೆ ಮೊದಲು ದೋಣಿ ಇಳಿಸುವವರು ಅವರೇ.

ಸೋಮವಾರ ಅಪ್ಪನಿಗೆ ಫೋನ್ ಮಾಡಿ ಅವರ ಬಗ್ಗೆ ವಿಚಾರಿಸಿದೆ. "ಈಗ ಇಲ್ಲಿ ಕೈರಂಪಣಿ ಎಳೆಯುವವರು ಎಲ್ಲಿದ್ದಾರೆ ಮಗಳೇ? ಹುಡುಗರು ಗಂಗೊಳ್ಳಿಯ ಬೋಟಿಗೆ ಹೋಗುತ್ತಾರೆ, ಇಲ್ಲವೇ ಬೆಂಗಳೂರಿಗೆ. ದಂಡೆಯಲ್ಲಿ ಕೂರುವವರೇ ಇಲ್ಲ. ಪ್ರವಾಸಿಗರು ಮಾತ್ರ ಬಸ್ಸುಗಟ್ಟಲೆ ಬಂದು ಇಳಿಯುತ್ತಾರೆ" ಎಂದರು.

ನಮ್ಮಲ್ಲೂ ಕೆಲವು ತೀರಗಳಲ್ಲಿ ಜೀವರಕ್ಷಕರಿದ್ದಾರೆ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು 2020ರಲ್ಲೇ ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದವು. ಅದು ಹೆಮ್ಮೆಯ ವಿಷಯವೇ. ಆದರೆ ಜನ ನೀರಿಗಿಳಿಯುವ ಪ್ರತಿಯೊಂದು ದಂಡೆಯಲ್ಲೂ ಕಡಲು ಬಲ್ಲ ಸ್ಥಳೀಯ ಹುಡುಗರನ್ನೇ ಸಂಬಳ ಕೊಟ್ಟು, ಹಗ್ಗ, ತೇಲುವ ಹಲಗೆ, ಸೀಟಿ ಕೊಟ್ಟು ಕೂರಿಸಬೇಕು. ಎಲ್ಲಿ ಇಳಿಯಬಹುದು ಎಂದು ದಿನವೂ ನೀರು ನೋಡಿ ಬಾವುಟ ನೆಡುವ ಕೆಲಸ ಅವರದಾಗಬೇಕು. "ಅಪಾಯ" ಎಂದು ಬರೆದ ಹಲಗೆಯೊಂದು ಯಾರನ್ನೂ ಎತ್ತಿ ತರುವುದಿಲ್ಲ.

ಈ ಡಿಸೆಂಬರಿನಲ್ಲಿ ಊರಿಗೆ ಬಂದಾಗ ಪಂಚಾಯಿತಿಗೆ ಹೋಗಿ ಇದನ್ನು ಕೇಳುತ್ತೇನೆ ಎಂದು ಅಪ್ಪನಿಗೆ ಹೇಳಿದೆ. "ಡಿಸೆಂಬರಿನವರೆಗೆ ಯಾಕೆ ಕಾಯಬೇಕು? ನೀನು ಅರ್ಜಿ ಬರೆದು ಕಳಿಸು, ನಾನು ಕೊಟ್ಟು ಬರುತ್ತೇನೆ" ಎಂದರು.