1.1 ಎಂಬ ಒಳ್ಳೆಯ ನಂಬರ್

ಎಂಬಿಬಿಎಸ್ ಐದೂವರೆ ವರ್ಷ, ಎಂ.ಎಸ್. ಮೂರು ವರ್ಷ, ಆಮೇಲೆ ರಕ್ತನಾಳದ ಸರ್ಜರಿಗೆ ಎಂ.ಸಿಎಚ್. ಅಂತ ಇನ್ನೂ ಮೂರು ವರ್ಷ. ಇಷ್ಟೆಲ್ಲ ಓದಿ ಕಲಬುರಗಿಯ ಮೆಡಿಕಲ್ ಕಾಲೇಜೊಂದಕ್ಕೆ ಸೇರಿದೆ. ನಮ್ಮ ಸಂಬಂಧಿಕರು ಮಾತ್ರ ನನ್ನನ್ನು 'ನರದ ಡಾಕ್ಟರ್' ಅಂತಲೇ ಕರೆದರು. ಓಪಿಡಿಗೆ ಬರುವ ಎಷ್ಟೋ ಜನ ಈಗಲೂ ಹಾಗೇ ಅನ್ನುತ್ತಾರೆ. ನಮ್ಮ ಕಡೆ ನರ ಅಂದರೆ ಅದರಲ್ಲಿ ರಕ್ತನಾಳವೂ ಬಂತು, ಸ್ನಾಯುವೂ ಬಂತು. ತಿದ್ದುವುದನ್ನು ಬಿಟ್ಟಿದ್ದೇನೆ.

ಕೆಲಸವೇನೋ ಕೈತುಂಬ ಇದೆ. ಡಯಾಲಿಸಿಸ್‌ನವರಿಗೆ ಕೈಯಲ್ಲಿ ಫಿಸ್ಟುಲಾ, ಅಂದರೆ ಎರಡು ರಕ್ತನಾಳಗಳ ಜೋಡಣೆ, ಮಾಡಬೇಕು. ಕಾಲಿನ ನಾಳ ಉಬ್ಬಿ ಸುರುಳಿಯಾದ ವೆರಿಕೋಸ್ ವೇನ್‌ನವರು ಬರುತ್ತಾರೆ, ಬೀಡಿ ಸೇದಿ ಸೇದಿ ಕಾಲ್ಬೆರಳು ಕಪ್ಪಾದವರು ಬರುತ್ತಾರೆ. ಎಲ್ಲಕ್ಕಿಂತ ಜಾಸ್ತಿ ಶುಗರ್‌ನವರ ಕಾಲು. ಇದರ ಜೊತೆಗೆ ಪಾಠ, ಪಿಜಿಗಳ, ಅಂದರೆ ಎಂಬಿಬಿಎಸ್ ಮುಗಿಸಿ ಮುಂದೆ ಓದುವವರ ಥೀಸಿಸ್, ಪ್ರಮೋಷನ್ನಿಗೆ ಬೇಕಾದ ಸಂಶೋಧನಾ ಪೇಪರ್. ನಾನು ಎಡವಿದ್ದು ಈ ಪೇಪರಿನಲ್ಲೇ.

ಆಗ ಶುಗರ್ ಇರುವವರ ಕಾಲಿನ ರಕ್ತದೊತ್ತಡದ ಲೆಕ್ಕ ಸೇರಿಸುತ್ತಿದ್ದೆ. ವಿಧಾನ ಸರಳ. ಮೊದಲು ತೋಳಿನ ಬಿಪಿ ನೋಡಬೇಕು. ಆಮೇಲೆ ಪಾದದ ಗಂಟಿನ ಮೇಲೆ ಪಟ್ಟಿ ಕಟ್ಟಿ, ರಕ್ತ ಹರಿಯುವ ಸದ್ದು ಕೇಳಿಸುವ ಪೆನ್ನಿನಂಥ ಡಾಪ್ಲರ್ ಇಟ್ಟು, ಸದ್ದು ನಿಲ್ಲುವವರೆಗೆ ಗಾಳಿ ತುಂಬಬೇಕು. ನಿಧಾನ ಬಿಡುತ್ತಾ ಬಂದಾಗ ಸದ್ದು ಎಲ್ಲಿ ಮತ್ತೆ ಶುರುವಾಗುತ್ತದೋ ಅದು ಕಾಲಿನ ಒತ್ತಡ. ಅದನ್ನು ತೋಳಿನದರಿಂದ ಭಾಗಿಸಿದರಾಯಿತು. 0.9ಕ್ಕಿಂತ ಕಡಿಮೆ ಬಂದರೆ ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲ ಅಂತ.

ಅಫಜಲಪುರದ ಕಡೆಯ ಒಬ್ಬ ಮುತ್ಯಾ ಬಂದ. ತೊಗರಿ ಬೆಳೆಯುವವನು, ಹಳೇ ಶುಗರ್. ತೋಳಿನಲ್ಲಿ 140, ಕಾಲಿನಲ್ಲಿ 154. ಅಂದರೆ 1.1. ಎಕ್ಸೆಲ್‌ನ 43ನೇ ಸಾಲಿನಲ್ಲಿ 'ನಾರ್ಮಲ್' ಅಂತ ಹಾಕಿದೆ. ಪಟ್ಟಿ ಬಿಚ್ಚುವಾಗ ಮುತ್ಯಾ ಅಂದ: "ರಾತ್ರಿ ಮಲಗಿದ್ರ ಪಾದ ಉರಿತದ ರೀ ಸಾಹೇಬ್ರ. ಕಾಲು ಇಳಿಬಿಟ್ಟು ಕುಂತ್ರ ಹಗುರ ಅನಸ್ತದ." ಶುಗರ್‌ನಿಂದ ನರ ಸೊರಗಿವೆ, ಅದೇ ಉರಿ ಅಂದೆ. ಮಾತ್ರೆ ಬರೆದೆ. ಮುಂದಿನವರನ್ನು ಕರೆದೆ.

ಕಾಲು ಇಳಿಬಿಟ್ಟರೆ ಹಗುರ ಅನಿಸುವುದು ಏಕೆ ಅಂತ ಅದೇ ವಾರ ಪಿಜಿಗಳಿಗೆ ನಾನೇ ಪಾಠ ಮಾಡಿದ್ದೆ! ಕಾಲು ಇಳಿದಾಗ ಇರುವಷ್ಟು ರಕ್ತ ಭಾರಕ್ಕೆ ಕೆಳಗೆ ಇಳಿಯುತ್ತದೆ. ಉರಿ ಕಡಿಮೆಯಾಗುತ್ತದೆ. ನಾಳ ಕಟ್ಟಿದೆ ಎನ್ನುವುದಕ್ಕೆ ಇದಕ್ಕಿಂತ ಗುರುತು ಬೇಕಾ?

ಏಳು ವಾರ ಬಿಟ್ಟು ಮಗ ಅವನನ್ನು ಎತ್ತಿಕೊಂಡು ಬಂದ. ಹೆಬ್ಬೆರಳು ಇದ್ದಿಲಾಗಿತ್ತು. ಈ ಸಲ ಡಾಪ್ಲರ್ ಇಟ್ಟು ಸುಮ್ನೆ ಕೇಳಿದೆ. ಚೆನ್ನಾಗಿರುವ ನಾಳ ಚಾಟಿ ಬೀಸಿದ ಹಾಗೆ ಸದ್ದು ಮಾಡುತ್ತದೆ, ಹಿಂದೆಯೇ ಇನ್ನೊಂದೆರಡು ಸಣ್ಣ ಸದ್ದು. ಇಲ್ಲಿ ಬರೀ ಹುಸ್ಸ್... ಹುಸ್ಸ್... ಪಂಕ್ಚರ್ ಆದ ಟ್ಯೂಬಿನ ಹಾಗೆ. ಏಳು ವಾರದ ಹಿಂದೆಯೂ ಇದೇ ಸದ್ದು ಬಂದಿರಬೇಕು. ನಾನು ಮೀಟರಿನ ಮುಳ್ಳು ನೋಡುತ್ತಿದ್ದೆ.

1.1 ಹೇಗೆ ಬಂತು? ಹೊಲದ ರಬ್ಬರ್ ಪೈಪಿನ ಮೇಲೆ ಕಾಲಿಟ್ಟರೆ ನೀರು ನಿಲ್ಲುತ್ತದೆ. ಕಬ್ಬಿಣದ ಪೈಪಿನ ಮೇಲೆ ಎತ್ತು ನಿಂತರೂ ನಿಲ್ಲುವುದಿಲ್ಲ, ಒಳಗೆ ಹರಿಯುವುದು ಬೆರಳು ಗಾತ್ರದ ನೀರಾದರೂ. ಹಳೇ ಶುಗರ್‌ನಲ್ಲಿ ನಾಳದ ಗೋಡೆಗೆ ಸುಣ್ಣ ಕಟ್ಟುತ್ತದೆ. ಅದನ್ನು ಅಮುಕಲು ಪಟ್ಟಿಗೆ ಜಾಸ್ತಿ ಒತ್ತಡ ಬೇಕು. ಆ ಒತ್ತಡವನ್ನೇ ನಾವು ಕಾಲಿನ ಬಿಪಿ ಅಂತ ಬರೆದುಕೊಳ್ಳುತ್ತೇವೆ. ಕಾಲ್ಬೆರಳಿನ ಸಣ್ಣ ನಾಳಕ್ಕೆ ಈ ಸುಣ್ಣ ಅಷ್ಟಾಗಿ ಹಿಡಿಯುವುದಿಲ್ಲ, ಅದಕ್ಕೇ ಇಂಥವರಲ್ಲಿ ಬೆರಳಿನ ಒತ್ತಡ ನೋಡಬೇಕು. ಗೊತ್ತಿರಲಿಲ್ಲ ಅಂತಲ್ಲ. ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾಗಿದ್ದೆ.

ಆಂಜಿಯೋಗ್ರಾಮ್‌ನಲ್ಲಿ ಮೊಣಕಾಲಿನ ಕೆಳಗಿನ ಮೂರೂ ನಾಳ ಕಟ್ಟಿದ್ದವು. ಬಲೂನ್ ಹಾಕಿ ಒಂದನ್ನು ತೆರೆದೆವು. ಹೆಬ್ಬೆರಳು ಹೋಯಿತು, ಕಾಲು ಉಳಿಯಿತು.

ತಿಂಗಳ ಕೊನೆಯ ಮೀಟಿಂಗಿನಲ್ಲಿ ಈ ಕೇಸನ್ನು ನಾನೇ ಹೇಳಿದೆ. ತಪ್ಪಾದ ಕೇಸನ್ನು ಪಿಜಿಗಳ ಕೈಲಿ ಹೇಳಿಸಿ ಸೀನಿಯರ್‌ಗಳು ಹಿಂದೆ ಕೂತು ಕೇಳುವ ರೂಢಿ ಬಹಳ ಕಡೆ ಇದೆ. ನನಗೆ ಅದು ಯಾವತ್ತೂ ಹಿಡಿಸಿಲ್ಲ. ಪಿಜಿಗಳಿಗೆ ಹೊಲಿಗೆಯ ಮೇಲೆ ಮೋಹ. ರಕ್ತನಾಳ ಹೊಲಿಯುವ ಬಗೆ ತೋರಿಸಿದ ಅಲೆಕ್ಸಿಸ್ ಕ್ಯಾರೆಲ್‌ಗೆ 1912ರಲ್ಲಿ ನೊಬೆಲ್ ಬಂದದ್ದು ಎಲ್ಲರಿಗೂ ಬಾಯಿಪಾಠ. ಅವತ್ತು ಹೊಲಿಗೆಯ ಮಾತೇ ಬರಲಿಲ್ಲ. ಒಬ್ಬ ಹುಡುಗಿ ಎದ್ದು ಕೇಳಿದಳು: "ಸರ್, ಉಳಿದ 42 ಜನರದು?"

ಒಬ್ಬೊಬ್ಬರಿಗೇ ಫೋನ್ ಮಾಡಿ ಮತ್ತೆ ಕರೆಸಿದೆವು. ಇನ್ನೂ ಮೂವರದು ಅದೇ ಕಥೆ. ಪೇಪರ್ ಒಂದು ವರ್ಷ ತಡವಾಯಿತು. ಎಕ್ಸೆಲ್‌ನಲ್ಲಿ ಎರಡು ಕಾಲಂ ಹೆಚ್ಚಾದವು: ಸದ್ದು ಹೇಗಿತ್ತು, ರೋಗಿ ಏನಂದ.

ಬೆರಳಿಗೆ ಕಟ್ಟುವ ಪುಟ್ಟ ಪಟ್ಟಿಗೆ ಅರ್ಜಿ ಹಾಕಿ, ಅದರ ಹಿಂದೆ ಓಡಾಡಿದ್ದು ಬೇರೆಯೇ ಪುರಾಣ, ಬಿಡಿ. ಅದು ಬಂದ ದಿನ ಮುತ್ಯಾ ಡ್ರೆಸ್ಸಿಂಗ್‌ಗೆ ಬಂದಿದ್ದ. ಪಿಜಿ ಉತ್ಸಾಹದಲ್ಲಿ ಪಟ್ಟಿ ಹಿಡಿದು ಹೆಬ್ಬೆರಳು ಹುಡುಕಿ, ಗಾಬರಿಯಾಗಿ ನನ್ನ ಮುಖ ನೋಡಿದ.

ಮುತ್ಯಾನೇ ಕಾಲು ಮುಂದೆ ಮಾಡಿದ. "ದೊಡ್ಡಾಂವ ಹ್ವಾದ ತಮ್ಮಾ. ಬಾಜೂಕಿನ ಸಣ್ಣಾಂವನ ಕೇಳು."