ನಾಲ್ಕು ಯಾಗಿ, ಎರಡು ಕಿವುಡು ಮೂಲೆ

ನನ್ನ ಹ್ಯಾಮ್ (ಹವ್ಯಾಸಿ) ರೇಡಿಯೋಗೆ ಕೊಡಗಿನ ಸಿದ್ದಾಪುರ ಕೇಳಿಸಿತು! ಮೂರು ವಾರ ಟವರ್ ಹತ್ತಿ ಇಳಿದದ್ದಕ್ಕೆ ನಿನ್ನೆ ಸಂಜೆ ಫಲ ಸಿಕ್ಕಿತು. ಅಲ್ಲಿನ ಗೆಳೆಯರು, ಹ್ಯಾಮ್ ಹವ್ಯಾಸಿಗಳು ಒಬ್ಬರನ್ನೊಬ್ಬರು ಕರೆಯುವ ಹಾಗೆ, "ಓಎಂ, ಪಕ್ಕದ ಮನೆ ಜಗಲಿಯಲ್ಲಿ ಕೂತು ಮಾತಾಡಿದ ಹಾಗಿದೆ" ಅಂದಾಗ ಮೈಕ್ ಹಿಡಿದ ಕೈ ನಡುಗುತ್ತಿತ್ತು.

ಮಡಿಕೇರಿ ಹತ್ತಿರದ ನಮ್ಮ ತೋಟದ ಟವರ್ ತುದಿಯಲ್ಲಿ ಇಂಟರ್‌ನೆಟ್ ಡಿಶ್ ಮತ್ತು ಸಿಡಿಲು ಕಂಬಿ ಕೂತಿವೆ. ಎಲ್ಲ ದಿಕ್ಕಿಗೂ ಕೇಳುವ, 2 ಮೀಟರ್ ಬ್ಯಾಂಡಿನ (145 ಮೆಗಾಹರ್ಟ್ಸ್ ಸುತ್ತಮುತ್ತ) ವರ್ಟಿಕಲ್‌ಗೆ (ನೆಟ್ಟಗಿನ ಆಂಟೆನಾ) ಅಲ್ಲಿ ಜಾಗವಿಲ್ಲ. ಬದಿಗೆ ಕಟ್ಟಿದರೆ ಟವರಿನ ಕಬ್ಬಿಣವೇ ಒಂದು ದಿಕ್ಕಿಗೆ ಅಡ್ಡ. ಅದಕ್ಕೇ ಮೂರು ಎಲಿಮೆಂಟಿನ (ಲೋಹದ ಕಡ್ಡಿಯ) ನಾಲ್ಕು ಯಾಗಿಗಳನ್ನು (ಒಂದು ದಿಕ್ಕಿಗೆ ಹೆಚ್ಚು ಚುರುಕಾದ ಆಂಟೆನಾ) ಲಂಬವಾಗಿ, ನಾಲ್ಕು ದಿಕ್ಕಿಗೆ ಮುಖ ಮಾಡಿ ಕಟ್ಟಿದೆ. 75 ಓಮ್ ಕೇಬಲಿನ ಕಾಲು ತರಂಗದ (ತರಂಗದ ಉದ್ದದ ನಾಲ್ಕನೇ ಒಂದು ಪಾಲಿನ) ತುಂಡುಗಳಿಂದ ಸ್ಪ್ಲಿಟರ್, ಅಂದರೆ ಒಂದು ಕೇಬಲಿನ ಸಿಗ್ನಲನ್ನು ನಾಲ್ಕಕ್ಕೆ ಹಂಚುವ ಜೋಡಣೆ, ಮಾಡುವುದು ಹ್ಯಾಮ್ ಹವ್ಯಾಸಿಗಳಿಗೆಲ್ಲ ಗೊತ್ತಿರುವುದೇ. ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಶಕ್ತಿ ಹಿಂದಿರುಗುತ್ತದೆ ಎಂಬುದರ ಅಳತೆ; 1 ಆದರೆ ಏನೂ ಹಿಂದಿರುಗದು) 1.2 ಬಂತು.

ಪೂರ್ವಕ್ಕೆ ಕುಶಾಲನಗರ ಚೆನ್ನಾಗಿತ್ತು, ದಕ್ಷಿಣಕ್ಕೆ ವಿರಾಜಪೇಟೆ ಚೆನ್ನಾಗಿತ್ತು. ಇವೆರಡರ ನಡುವೆ, ಆಗ್ನೇಯದ ಸಿದ್ದಾಪುರ ಮಾತ್ರ ಸತ್ತ ಹಾಗೆ. ವಾಯವ್ಯದ ಸಂಪಾಜೆ ಕಡೆಯೂ ಅದೇ ಕಥೆ. ಲೆಕ್ಕದ ಪ್ರಕಾರ ಇದು ಆಗಲೇಬಾರದು. ಮೂರು ಎಲಿಮೆಂಟಿನ ಯಾಗಿ ಲಂಬವಾಗಿದ್ದಾಗ ಅದರ ಅಡ್ಡ ಹರವು ಅಗಲ. 45 ಡಿಗ್ರಿ ಪಕ್ಕಕ್ಕೂ ಸುಮಾರು 70 ಶೇಕಡಾ ಕ್ಷೇತ್ರಬಲ ಉಳಿಯುತ್ತದೆ. ಅಕ್ಕಪಕ್ಕದ ಎರಡು ಯಾಗಿ ಒಂದೇ ಫೇಸಿನಲ್ಲಿ (ಅಲೆಗಳ ಏರಿಳಿತ ಒಟ್ಟಿಗೆ) ಸೇರಿದರೆ ಆ ಸಂದು ಮೂತಿಯ ದಿಕ್ಕಿಗಿಂತಲೂ ಜೋರಾಗಿರಬೇಕು.

"ಗುಡ್ಡ ಅಡ್ಡ ಇದೆ ಬಿಡಿ" ಅಂದರು ಎಲ್ಲರೂ. ಕೊಡಗಿನಲ್ಲಿ ಗುಡ್ಡದ ಮೇಲೆ ತಪ್ಪು ಹೊರಿಸುವುದು ಬಹಳ ಸುಲಭ. ಹೂಮಳೆ ಬಿದ್ದ ಮರುದಿನ ನಾಲ್ಕೂ ಯಾಗಿಗಳನ್ನು ಒಟ್ಟಿಗೆ 45 ಡಿಗ್ರಿ ತಿರುಗಿಸಿದೆ. ಸಿದ್ದಾಪುರ ಬಂತು, ವಿರಾಜಪೇಟೆ ಹೋಯಿತು! ಆಂಟೆನಾ ಜೊತೆ ಗುಡ್ಡ ತಿರುಗುವುದಿಲ್ಲವಲ್ಲ. ತೊಂದರೆ ಟವರಿನಲ್ಲೇ ಇತ್ತು.

ಸ್ಪ್ಲಿಟರಿನಿಂದ ಯಾಗಿಗಳಿಗೆ ಹೋಗುವ ನಾಲ್ಕೂ ಫೀಡ್ ಕೇಬಲ್ ಎರಡು ಸುರುಳಿಗಳಿಂದ ಟೇಪು ಹಿಡಿದು ಕತ್ತರಿಸಿದ್ದು, ತಲಾ 4 ಮೀಟರ್. ಕೆಳಗಿಳಿಸಿ, ಒಂದು ತುದಿ ತೆರೆದಿಟ್ಟು ನ್ಯಾನೋವಿಎನ್‌ಎಗೆ (ಕೇಬಲ್, ಆಂಟೆನಾ ಅಳೆಯುವ ಪುಟ್ಟ ಉಪಕರಣ) ಹಾಕಿದೆ. ಉತ್ತರ ಮತ್ತು ಪೂರ್ವದವು 12.4 ಮೆಗಾಹರ್ಟ್ಸಿನಲ್ಲಿ ಕಾಲು ತರಂಗ ತೋರಿಸಿದವು. ದಕ್ಷಿಣ, ಪಶ್ಚಿಮದವು 14.6ರಲ್ಲಿ. ಬ್ಲೇಡಿನಿಂದ ಸಿಪ್ಪೆ ಸುಲಿದು ನೋಡಿದೆ. ಮೊದಲ ಜೋಡಿ ಬಂದ ಸುರುಳಿಯ ಒಳಗೆ ಮೇಣದಂತೆ ಅರೆಪಾರದರ್ಶಕವಾದ ಗಟ್ಟಿ ಪಾಲಿಥಿನ್, ಉಗುರು ಊರಿದರೂ ಗುರುತು ಬೀಳದು. ಎರಡನೆಯದರಲ್ಲಿ ಹಾಲುಬಿಳಿ ಫೋಮ್, ಒತ್ತಿದರೆ ತಗ್ಗು. ಹೊರಗೆ ಮಾತ್ರ ಎರಡರ ಮೇಲೂ ಒಂದೇ ಆರ್‌ಜಿ-58 (ಕೇಬಲಿನ ಮಾದರಿ) ಮುದ್ರೆ! ಬೆಂಗಳೂರಿನ ಅಂಗಡಿಯವರಿಗೆ ಎರಡೂ ಸುರುಳಿ ಒಂದೇ ಮಾಲು ಇರಬೇಕೆಂದು ಫೋನಿನಲ್ಲಿ ಎರಡು ಸಲ ಹೇಳಿದ್ದೆ. ಈಗ ಕೇಳಿದರೆ "ಎರಡೂ 50 ಓಮೇ ಅಲ್ವಾ ಸಾರ್" ಅನ್ನುತ್ತಾರೆ. ಹೌದು, ಎಸ್‌ಡಬ್ಲ್ಯುಆರ್ ಮೀಟರ್ ಬಾಯಿ ಬಿಡದಿದ್ದದ್ದೂ ಅದಕ್ಕೇ.

ಗಟ್ಟಿ ಕೇಬಲಿನ ವೆಲಾಸಿಟಿ ಫ್ಯಾಕ್ಟರ್ (ಬೆಳಕಿನ ವೇಗಕ್ಕೆ ಹೋಲಿಸಿದರೆ ಕೇಬಲಿನಲ್ಲಿ ಸಿಗ್ನಲಿನ ವೇಗ) 0.66, ಫೋಮಿನದು 0.78. 4 ಮೀಟರಿಗೆ ಸಿಗ್ನಲ್ ಪಾಲಿಗೆ ಸುಮಾರು 93 ಸೆಂಟಿಮೀಟರ್ ವ್ಯತ್ಯಾಸ. 145 ಮೆಗಾಹರ್ಟ್ಸಿನಲ್ಲಿ ಅದು 160 ಡಿಗ್ರಿ ದಾಟುತ್ತದೆ (180 ಆದರೆ ಪೂರ್ತಿ ವಿರುದ್ಧ). ಪೂರ್ವದ ಯಾಗಿ ಕೊಟ್ಟದ್ದನ್ನು ದಕ್ಷಿಣದ್ದು ಕಳೆಯುತ್ತಿತ್ತು. ಸಂದಿನಲ್ಲಿ ಸಿಗಬೇಕಾದ್ದಕ್ಕಿಂತ 16 ಡಿಬಿ (ಡೆಸಿಬೆಲ್) ಕಡಿಮೆ, ಅಂದರೆ ಶಕ್ತಿಯ ನಲವತ್ತರಲ್ಲಿ ಒಂದು ಪಾಲು ಮಾತ್ರ. ಒಂದೇ ಸುರುಳಿಯ ಜೋಡಿಗಳು ಸೇರುವ ಈಶಾನ್ಯ, ನೈಋತ್ಯಗಳು ಮಾತ್ರ ಸರಿಯಾಗಿದ್ದವು.

ಹೊಸ ಕೇಬಲ್ ತರಿಸಲಿಲ್ಲ. ಗಟ್ಟಿ ಕೇಬಲ್ ಎರಡನ್ನೂ 3.38 ಮೀಟರಿಗೆ ಇಳಿಸಿದರೆ ಫೋಮಿನ 4 ಮೀಟರಿಗೆ ಸಮ. ಟವರಿಗೆ ಸುತ್ತಿಟ್ಟಿದ್ದ ಹೆಚ್ಚುವರಿಯಿಂದಲೇ ಅಷ್ಟು ಸಿಕ್ಕಿತು. ಕೊನೆಯ ಬೆರಳಗಲವನ್ನು ವಿಎನ್‌ಎ ನೋಡಿಕೊಂಡೇ ಕತ್ತರಿಸಿದೆ. ಎರಡು ಸುರುಳಿ ತರುವವರು ಟೇಪು ನಂಬಬೇಡಿ.

ಫೋಮ್ ಸುರುಳಿ ಇನ್ನೂ ಉಳಿದಿದೆ. ಅದರಲ್ಲಿ ಕಾಲು ತರಂಗ ಅಂದರೆ 40.3 ಸೆಂಟಿಮೀಟರ್. ಅಡ್ಡಡ್ಡ ಜೋಡಿಸಿದ ಎರಡು ಯಾಗಿಗಳಲ್ಲಿ ಒಂದಕ್ಕೆ 90 ಡಿಗ್ರಿ ತಡ ಕೊಟ್ಟು ವೃತ್ತೀಯ ಧ್ರುವೀಕರಣ (ಅಲೆ ತಿರುಪಿನಂತೆ ಸುತ್ತುತ್ತಾ ಸಾಗುವುದು) ಮಾಡಲು ಹೇಳಿ ಮಾಡಿಸಿದ ತುಂಡು. ಮಳೆಗಾಲ ಮುಗಿದ ಮೇಲೆ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದ 145.825 ಮೆಗಾಹರ್ಟ್ಸ್ ಸಿಗ್ನಲ್ ಹಿಡಿಯಬೇಕು.

ಅದಕ್ಕೆ ಮೊದಲು ಸಂಪಾಜೆ ರಸ್ತೆ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಜೋಡುಪಾಲ ಇರುವುದು ಆ ಕಡೆಗೇ. ಆ ದಿಕ್ಕನ್ನು ಕಿವುಡಾಗಿ ಬಿಡಲು ನನಗೆ ಮನಸ್ಸಿಲ್ಲ. ಭಾನುವಾರ 5 ವಾಟಿನ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೋ) ಹಿಡಿದು ತಿರುವು ತಿರುವಿಗೂ ನಿಂತು ಕರೆಯುತ್ತೇನೆ. ಮನೆಯಲ್ಲಿ ಮಗಳು ನಕ್ಷೆ ಹರಡಿಕೊಂಡು ರೇಡಿಯೋ ಮುಂದೆ ಕೂರುತ್ತಾಳೆ.