ಕಪ್ಪು ಚುಕ್ಕೆಯೆಲ್ಲ ಸಾಲ್ಮೊನೆಲ್ಲಾ ಅಲ್ಲ

ಕೆ.ಆರ್. ಮಾರ್ಕೆಟ್ಟಿನ ಕೊತ್ತಂಬರಿ ಸೊಪ್ಪಿನಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇದೆಯೇ ಎಂದು ಎಐ ನೆರವಿನಿಂದ ನೋಡಲು ಹೊರಟರೆ ಮೊದಲ ಮೂರು ದಿನ ಕಂಪ್ಯೂಟರಿಗೆ ಕೆಲಸವೇ ಇರುವುದಿಲ್ಲ. 25 ಗ್ರಾಂ ಸೊಪ್ಪನ್ನು 225 ಮಿ.ಲೀ. ಬಫರ್ಡ್ ಪೆಪ್ಟೋನ್ ವಾಟರಿಗೆ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ನೀರು) ಹಾಕಿ 37 ಡಿಗ್ರಿಯಲ್ಲಿ ಸುಮಾರು 18 ಗಂಟೆ ಇಡಬೇಕು. ಅಷ್ಟು ಸೊಪ್ಪಿನಲ್ಲಿ ಒಂದೇ ಒಂದು ಬ್ಯಾಕ್ಟೀರಿಯಾ, ಅದೂ ಅರೆಜೀವವಾಗಿ ಇದ್ದರೂ ಚೇತರಿಸಿಕೊಂಡು ಬೆಳೆಯಬೇಕಲ್ಲ. ಮರುದಿನ ಅದರಲ್ಲಿ ಸ್ವಲ್ಪ ಆರ್‌ವಿಎಸ್ ಬ್ರಾತ್‌ಗೆ, ಅಂದರೆ ಉಳಿದ ಬ್ಯಾಕ್ಟೀರಿಯಾಗಳನ್ನು ತಡೆದು ಸಾಲ್ಮೊನೆಲ್ಲಾ ಬೆಳೆಯಲು ಬಿಡುವ ದ್ರವಕ್ಕೆ; 41.5 ಡಿಗ್ರಿ, 24 ಗಂಟೆ. ಆಮೇಲೆ ಎಕ್ಸ್‌ಎಲ್‌ಡಿ ಪ್ಲೇಟ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಕೆಂಪು ಅಗಾರ್ ಜೆಲ್ಲಿಯ ತಟ್ಟೆ. 'ಎಐ ಬಂದರೆ ಎರಡೇ ಗಂಟೆಯಲ್ಲಿ ರಿಸಲ್ಟ್' ಅನ್ನುವವರು ಈ ದಿನಗಳನ್ನೆಲ್ಲ ಎಲ್ಲಿ ಬಚ್ಚಿಡುತ್ತಾರೋ!

ಎಐ ಮಾಡೆಲ್ ನೆರವಾಗುವುದು ನಾಲ್ಕನೇ ದಿನ, ಫೋಟೋ ನೋಡಿ ಪ್ಲೇಟ್ ಓದುವಾಗ. ಸಾಲ್ಮೊನೆಲ್ಲಾ ಕಾಲೊನಿ (ಒಟ್ಟಾಗಿ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆ) ಸಾಮಾನ್ಯವಾಗಿ ಕೆಂಪು, ನಡುವೆ ಕಪ್ಪು. ಸಿಟ್ರೊಬ್ಯಾಕ್ಟರ್, ಪ್ರೋಟಿಯಸ್ ಎಂಬ ಬೇರೆ ಬ್ಯಾಕ್ಟೀರಿಯಾಗಳಲ್ಲೂ ನಡು ಕಪ್ಪಾಗುವುದುಂಟು, ಆದರೆ ಅಂಚು ಹೆಚ್ಚಾಗಿ ಹಳದಿ. ಅಂದರೆ ತೀರ್ಪು ನಿಂತಿರುವುದು ಕೂದಲೆಳೆಯಷ್ಟು ಅಂಚಿನ ಮೇಲೆ. ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ (ಬಣ್ಣವನ್ನು ತಾನೇ ಹೊಂದಿಸುವ ಸೆಟಿಂಗ್) ಕೆಂಪು ಅಗಾರನ್ನು 'ಸರಿಪಡಿಸಲು' ಹೋಗಿ ಅದೇ ಅಂಚನ್ನು ಕೆಡಿಸುತ್ತದೆ. ಅದನ್ನು ಲಾಕ್ ಮಾಡಿ. ಫ್ಲ್ಯಾಶ್ ಬೇಡ, ಎಲ್‌ಇಡಿಗೆ ಬಟರ್ ಪೇಪರ್ ಅಡ್ಡ ಹಿಡಿದರೆ ಸಾಕು. ಮುಚ್ಚಳದ ಒಳಗೆ ನೀರು ಹನಿಗಟ್ಟಿದ್ದರೆ ಪ್ಲೇಟ್ ಮಗುಚಿ ತಳದಿಂದ ಫೋಟೋ ತೆಗೆಯಿರಿ, ಆದರೆ ಮಾಡೆಲ್‌ಗೆ ಕಲಿಸಿದ ಟ್ರೈನಿಂಗಿನ ಫೋಟೋಗಳೂ ತಳದವೇ ಆಗಿರಬೇಕು. 24 ಗಂಟೆ ಮೀರಿ ಬಿಟ್ಟರೆ ಕಪ್ಪು ಹರಡಿ ಅಂಚೇ ಮುಚ್ಚಿಹೋಗುತ್ತದೆ.

ಶೇ. 99 ನಿಖರತೆ ಬಂತೆಂದರೆ ಮೊದಲು ಡೇಟಾ ಹಂಚಿದ್ದು ಹೇಗೆಂದು ನೋಡಿ. ಒಂದೇ ಪ್ಲೇಟಿನ 80 ಕಾಲೊನಿಗಳಲ್ಲಿ 60 ಟ್ರೈನಿಂಗಿಗೂ 20 ಟೆಸ್ಟಿಗೂ ಹೋಗಿದ್ದರೆ ಮಾಡೆಲ್ ಕಲಿತದ್ದು ಆ ಪ್ಲೇಟಿನ ಬೆಳಕನ್ನು. ಸ್ಯಾಂಪಲ್ ಪ್ರಕಾರ, ಸಾಧ್ಯವಾದರೆ ಮೀಡಿಯಾ (ಅಗಾರ್) ಬ್ಯಾಚ್ ಪ್ರಕಾರವೂ ಬೇರ್ಪಡಿಸಿ.

ಲೆಕ್ಕವನ್ನೂ ಹಾಕಿ ನೋಡಿ. 1000 ಸ್ಯಾಂಪಲ್‌ನಲ್ಲಿ 10ರಲ್ಲಿ ಮಾತ್ರ ಸಾಲ್ಮೊನೆಲ್ಲಾ ಇದೆ, ಇದ್ದದ್ದನ್ನು ಇದೆ ಎನ್ನುವುದರಲ್ಲೂ ಇಲ್ಲದ್ದನ್ನು ಇಲ್ಲ ಎನ್ನುವುದರಲ್ಲೂ ಮಾಡೆಲ್ ಶೇ. 95 ಸರಿ ಎಂದುಕೊಳ್ಳೋಣ. ಒಂಬತ್ತೋ ಹತ್ತೋ ಸಿಗುತ್ತವೆ, ಜೊತೆಗೆ ಐವತ್ತರಷ್ಟು ಸುಳ್ಳು ಪಾಸಿಟಿವ್. ಹಾಗಾಗಿ ಪಾಸಿಟಿವ್ ಬಂದದ್ದೆಲ್ಲ ಸೀರಾಲಜಿಗೋ (ಪ್ರತಿಕಾಯ ಬಳಸುವ ಪರೀಕ್ಷೆ) ಪಿಸಿಆರ್‌ಗೋ (ಡಿಎನ್‌ಎ ಪರೀಕ್ಷೆ) ಹೋಗಲೇಬೇಕು.

ನನ್ನನ್ನು ಕೇಳಿದರೆ ಅದಕ್ಕಿಂತ ಅಪಾಯ ಸುಳ್ಳು ನೆಗೆಟಿವ್. ಬೆಳ್ಳುಳ್ಳಿ ಚಟ್ನಿಪುಡಿಯನ್ನು ಹಾಗೇ ಪೆಪ್ಟೋನ್ ನೀರಿಗೆ ಹಾಕಿದರೆ ಬೆಳ್ಳುಳ್ಳಿಯೇ ಬ್ಯಾಕ್ಟೀರಿಯಾವನ್ನು ಅದುಮಿಡುತ್ತದೆ. ಪ್ಲೇಟ್ ಖಾಲಿ, ಮಾಡೆಲ್ ಮಾತ್ರ ಭಾರೀ ಆತ್ಮವಿಶ್ವಾಸದಿಂದ 'ಇಲ್ಲ' ಅನ್ನುತ್ತದೆ. ನೀರಿಗೆ ಶೇ. 0.5 ಪೊಟ್ಯಾಸಿಯಂ ಸಲ್ಫೈಟ್ ಸೇರಿಸಿ. ಚಕ್ಕೆ, ಲವಂಗದ ಪುಡಿಯಾದರೆ ಇನ್ನೂ ತೆಳುವಾಗಿ ಕದಡಬೇಕು. ಜೊತೆಗೆ ಅದೇ ಪುಡಿಯ ಇನ್ನೊಂದು 25 ಗ್ರಾಮಿಗೆ ಗೊತ್ತಿರುವ ಸಾಲ್ಮೊನೆಲ್ಲಾವನ್ನು ಅತಿ ಕಡಿಮೆ ಸಂಖ್ಯೆಯಲ್ಲಿ ಬೆರೆಸಿ ಕಂಟ್ರೋಲ್ ಇಡಿ. ಅದೇ ಬೆಳೆಯಲಿಲ್ಲವೆಂದರೆ ಆ ದಿನದ ನೆಗೆಟಿವ್ ರಿಪೋರ್ಟುಗಳನ್ನು ಕೊಡಬೇಡಿ.